ವಾಸಿಲ್ ಉಂಡನೇ

ನಮ್ಮ ಮನೆಯ ಮುಂದಿನ ಕಿಟಕಿಯಲ್ಲಿ ನೀಲಿ ನಕ್ಷತ್ರದ ಬಾವುಟ ಮೂವತ್ತು ವರ್ಷ ನೇತಾಡಿತು. ಮಗ ಯುದ್ಧಕ್ಕೆ ಹೋದ ಮನೆಗೆ ನೀಲಿ ನಕ್ಷತ್ರ. ಅವನು ಸತ್ತರೆ ಅದರ ಮೇಲೆ ಹೊಂಬಣ್ಣದ್ದನ್ನು ಹೊಲಿಯಬೇಕು. ಅಮೆರಿಕದ ನಮ್ಮ ಗಣಿಯೂರಿನ ಉಳಿದ ಕಿಟಕಿಗಳ ಬಾವುಟಗಳೆಲ್ಲ ಎಂದೋ ಪೆಟ್ಟಿಗೆ ಸೇರಿದ್ದವು. ನಮ್ಮಮ್ಮ ಪರಾಸ್ಕ ಮಾತ್ರ ಅದನ್ನು ಇಳಿಸಲೂ ಇಲ್ಲ, ಹೊನ್ನಿನದು ಹೊಲಿಯಲು ಬಿಡಲೂ ಇಲ್ಲ. ನನ್ನಣ್ಣ ವಾಸಿಲ್ ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಕಾಡೊಂದರಲ್ಲಿ ಕಾಣೆಯಾಗಿದ್ದ. ವರ್ಷ ಕಾದು ನೋಡಿ, ಇನ್ನು ಸತ್ತನೆಂದೇ ತಿಳಿಯಿರಿ ಎಂದು ಸೈನ್ಯದವರು ಹೇಳಿಬಿಟ್ಟರು. ಅವರು ಹೇಳಿದರಾಯಿತೇ? ಅಮ್ಮ ಕೇಳಬೇಕಲ್ಲ.

“ಊರೋರೆಲ್ಲ ಆಡ್ಕೊಂಡು ನಗ್ತಾರಮ್ಮ,” ಎಂದು ನಾನು ರೇಗುತ್ತಿದ್ದೆ.

“ನಗ್ಲಿ ಬಿಡು. ಅವರ ಬಾಯಿ, ಅವರ ಹಲ್ಲು. ನಿನ್ನ ಗಂಟೇನು ಹೋಯ್ತು?”

ಆ ಹಟಕ್ಕೆ ಕಾರಣ ನನಗೆ ಗೊತ್ತಿತ್ತು. ಗಣಿ ಕೆಲಸದ ಹುಡುಗರನ್ನು ಸೈನ್ಯ ಅಷ್ಟಾಗಿ ಬಲವಂತ ಮಾಡುತ್ತಿರಲಿಲ್ಲ. ವಾಸಿಲ್ ತಾನಾಗಿಯೇ ಹೋಗಿ ಹೆಸರು ಕೊಟ್ಟು ಬಂದ. ಹೊರಡುವ ಬೆಳಗ್ಗೆ ಅಮ್ಮ ಸಿಟ್ಟಿಗೆ ಒಲೆಯನ್ನೇ ಹಚ್ಚಲಿಲ್ಲ. “ಆ ಸರ್ಕಾರಾನೇ ನಿನಗೆ ಉಣ್ಣಕ್ಕಿಕ್ಲಿ, ಹೋಗು!” ಎಂದುಬಿಟ್ಟಳು. ಅವನು ತಣ್ಣಗಿದ್ದ ಒಲೆಯ ಮುಂದೆ ನಿಂತು, ತಮಾಷೆಗೋ ನಿಜಕ್ಕೋ, ಊಟಕ್ಕೆ ಕೂತವನಂತೆ ಶಿಲುಬೆಯ ಗುರುತು ಮಾಡಿಕೊಂಡು ಹೊರಟ. ಆಮೇಲೆ ಅಮ್ಮ ರೊಟ್ಟಿ ಹಿಡಿದು ಸ್ಟೇಷನ್ನಿನವರೆಗೂ ಓಡಿದಳು. ರೈಲು ಹೋಗಿಯಾಗಿತ್ತು.

ಅವನು ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದ ರೀತಿಯೇ ಬೇರೆ. ನಾವು ಪೂರ್ವದ ಪಂಥದ ಚರ್ಚಿನವರು ಬಲಭುಜ ಮೊದಲು ಮುಟ್ಟುತ್ತೇವೆ, ಆಮೇಲೆ ಎಡ. ಪಕ್ಕದ ಬೀದಿಯ ಐರಿಷರದೂ ಪೋಲೆಂಡಿನವರದೂ ಎಡ ಮೊದಲು. ಸಾಲದ್ದಕ್ಕೆ ವಾಸಿಲ್ ಎಡಚ. ಪಾದ್ರಿ ಗೆಣ್ಣಿನ ಮೇಲೆ ಎಷ್ಟು ಬಾರಿಸಿದರೂ ಎಡಗೈಯನ್ನೇ ಎತ್ತಿ ಬಲಭುಜ ಮೊದಲು ಮುಟ್ಟುತ್ತಿದ್ದ, ಹಟಮಾರಿ. ಅಮ್ಮನ ಮಗನೇ ತಾನೆ!

ಒಂದು ಭಾನುವಾರ ಟಿವಿಯಲ್ಲಿ ಹಳೆಯ ಯುದ್ಧದ ಚಿತ್ರ ಬಂತು. ಸೈನ್ಯದ ಕ್ಯಾಮೆರಾದವರೇ ತೆಗೆದದ್ದು, ಸದ್ದಿಲ್ಲದ್ದು. ಅದೇ ಕಾಡು, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ. ವಾಸಿಲ್ ಕಾಣೆಯಾದದ್ದು ಅದರ ಮರುವಾರ. ಮುರಿದ ಮರಗಳ ನಡುವೆ ಕೆಸರಲ್ಲಿ ಸಾಲು ನಿಂತ ಹುಡುಗರ ತಟ್ಟೆಗೆ ಟರ್ಕಿ ಕೋಳಿ ಬಡಿಸುತ್ತಿದ್ದರು. ಹೆಲ್ಮೆಟ್ಟು, ಗಡ್ಡ, ಕೆಸರು. ಯಾರ ಮುಖವೂ ನೆಟ್ಟಗೆ ಕಾಣದು. ಒಬ್ಬ ತಟ್ಟೆ ಹಿಡಿದು ಪಕ್ಕಕ್ಕೆ ಸರಿದ. ಎಡಗೈ ಎತ್ತಿದ. ಹಣೆ, ಎದೆ, ಬಲಭುಜ, ಎಡಭುಜ. ಅಷ್ಟರಲ್ಲಿ ದೃಶ್ಯ ಬದಲಾಗಿ ಟ್ಯಾಂಕೊಂದು ಬಂತು.

“ತೆಕ್ಲಾ! ನಮ್ಮ ವಾಸಿಲ್ ಕಣೇ!” ಅಮ್ಮ ನನ್ನ ಹೆಸರು ಕೂಗಿ ಕುರ್ಚಿಯಿಂದ ಎದ್ದೇಬಿಟ್ಟಳು. ನನಗೂ ಹಾಗೇ ಅನ್ನಿಸಿತು. ಇಡೀ ಅಮೆರಿಕದ ಸೈನ್ಯದಲ್ಲಿ ಹಾಗೆ ಮಾಡುವವನು ಇನ್ನೊಬ್ಬ ಎಲ್ಲಿರುತ್ತಾನೆ? “ಉಂಡ್ನಾ? ಉಂಡಿದ್ದು ತೋರಿಸ್ಲೇ ಇಲ್ವಲ್ಲೇ ಹಾಳಾದೋರು!” ಎಂದಳು ಅಮ್ಮ.

ಬದುಕಿದ್ದಾನಾ ಎಂದು ಅಮ್ಮ ಕೇಳಲಿಲ್ಲ. ಅಂದಿನಿಂದ ಕೂತರೂ ನಿಂತರೂ ಅದೊಂದೇ: ಉಂಡ್ನಾ? ಎಂಬತ್ತು ದಾಟಿದ ಜೀವ, ತಾನೇ ತುತ್ತು ಬಿಟ್ಟಿತು. ಕೊನೆಗೆ ನಾನು ಶರ್ಟು ಕಾರ್ಖಾನೆಗೆ ರಜೆ ಹಾಕಿ, ಗೊಣಗಿಕೊಂಡೇ ವಾಷಿಂಗ್ಟನ್ನಿನ ಬಸ್ಸು ಹತ್ತಿದೆ. ಪೂರಾ ಚಿತ್ರ ಅಲ್ಲಿ ಸರ್ಕಾರದ ಹಳೆಯ ಚಿತ್ರಗಳ ಭಂಡಾರದಲ್ಲಿತ್ತು.

ಅಲ್ಲಿನ ಲೊರೇನ್ ಎಂಬ ಹೆಂಗಸು ಸುರುಳಿಯನ್ನು ಯಂತ್ರಕ್ಕೆ ಹಾಕಿದಳು. ಕಾಡು ಬಂತು, ಸಾಲು ಬಂತು, ಅವನೂ ಬಂದ. ಆದರೆ ಎತ್ತಿದ್ದು ಬಲಗೈ. ಮೊದಲು ಮುಟ್ಟಿದ್ದು ಎಡಭುಜ.

“ನೀನು ತಿರುಗಾಮುರುಗಾ ಹಾಕಿದೀಯ, ತಾಯಿ. ನೆಟ್ಟಗೆ ಹಾಕು,” ಎಂದೆ.

“ನೆಟ್ಟಗೇ ಇದೆ ಮೇಡಂ. ಆ ಜೀಪಿನ ಮೇಲಿರೋ ಅಕ್ಷರ ನೋಡಿ, ಓದಕ್ಕೆ ಬರತ್ತೆ. ಟಿವಿಯೋರೇ ಫಿಲ್ಮ್ ಮಗುಚಿ ಹಾಕಿರ್ಬೇಕು. ಆಗ ಕನ್ನಡಿಲಿ ಕಂಡಂಗೆ ಎಡ ಬಲ ಅದಲುಬದಲಾಗತ್ತೆ.”

“ಮೂವತ್ತು ವರ್ಷ ಕಾದಿದೀವಿ! ಮಗುಚಿ ಹಾಕ್ತಾರಂತೆ, ಇವರ ಕೈ ಸೇದಿಹೋಗ!” ಎಂದು ಕೂಗಾಡಿದೆ. ಪಾಪ, ಅವಳದೇನು ತಪ್ಪು? ಅವನು ನಮ್ಮವನಲ್ಲ, ಯಾರೋ ಐರಿಷನೋ ಪೋಲೆಂಡಿನವನೋ. ಹಾಗೆ ಶಿಲುಬೆ ಮಾಡಿಕೊಳ್ಳುವ ಹುಡುಗರು ಆ ಸೈನ್ಯದಲ್ಲಿ ಲಕ್ಷಗಟ್ಟಲೆ ಇದ್ದರು.

ಏಳೋಣವೆಂದು ಚೀಲ ಎತ್ತಿಕೊಂಡೆ. ಚಿತ್ರ ಓಡುತ್ತಲೇ ಇತ್ತು. ಹುಡುಗ ಬಿದ್ದ ಮರದ ಮೇಲೆ ಕೂತ. ತಟ್ಟೆಯಿಂದ ಹಬೆ ಏಳುತ್ತಿತ್ತು. ಗಬಗಬನೆ ತಿಂದ. ರೊಟ್ಟಿಯ ಚೂರಿನಿಂದ ತಟ್ಟೆ ಒರೆಸಿ ಅದನ್ನೂ ಬಾಯಿಗೆ ಹಾಕಿಕೊಂಡ, ಬೆರಳು ನೆಕ್ಕಿದ. ಕ್ಯಾಮೆರಾ ತನ್ನ ಕಡೆಗಿದೆ ಎಂದು ಗೊತ್ತಾಗಿ ನಾಚಿಕೊಂಡು ನಕ್ಕ. ಇನ್ನೊಂದು ಸಲ ಹಾಕು ಎಂದೆ. ಲೊರೇನ್ ಸುರುಳಿಯನ್ನು ಹಿಂದಕ್ಕೆ ಸುತ್ತಿ ಹಾಕಿದಳು.

ಬಸ್ಸಿನುದ್ದಕ್ಕೂ ನಿಜ ಹೇಳುವುದನ್ನೇ ಅಭ್ಯಾಸ ಮಾಡಿಕೊಂಡು ಬಂದೆ. ಬಾಗಿಲು ತೆಗೆದರೆ ಅಮ್ಮ ಒಲೆ ಹಚ್ಚಿಟ್ಟು, ಕೋಸಿನ ಸಾರು ಕಾಯಿಸಿ, ನನಗೆ ಕೋಟಿನ ಗುಂಡಿ ಬಿಚ್ಚಲೂ ಬಿಡದೆ ಕೇಳಿದಳು: “ಉಂಡ್ನಾ?”

“ಉಂಡ, ಅಮ್ಮ.”

“ಬಿಸಿ ಇತ್ತಾ?”

“ಹಬೆ ಆಡ್ತಿತ್ತು.”

“ಪೂರ್ತಿ ಉಂಡ್ನಾ, ಇಲ್ಲ ಬಿಟ್ಟು ಎದ್ನಾ?”

“ರೊಟ್ಟಿಲಿ ತಟ್ಟೆ ಒರೆಸ್ಕೊಂಡು ತಿಂದ. ಬೆರಳು ನೆಕ್ಕಿದ. ನಗ್ತಾ ಇದ್ದ.”

ಒಂದು ಮಾತೂ ಸುಳ್ಳಲ್ಲ, ಯಾರು ಎಂಬುದೊಂದನ್ನು ಬಿಟ್ಟು.

ಅಮ್ಮ ಮೇಜಿಗೆ ಹಣೆ ಹಚ್ಚಿ ಅತ್ತಳು. ವಾಸಿಲ್ ಕಾಣೆಯಾದಾಗಲೂ ಹಾಗೆ ಅತ್ತಿರಲಿಲ್ಲ. ಅತ್ತು ಮುಗಿಸಿ, ಮೂಗೊರೆಸಿಕೊಂಡು, “ಬಾವುಟ ಇಳಿಸು. ಹೊನ್ನಿಂದು ಹೊಲಿ,” ಎಂದಳು. “ಹಸ್ಕೊಂಡಿರೋ ಮಗನ್ನ ಹೆಂಗೇ ಸಾಯಕ್ಕೆ ಬಿಡ್ಲಿ ನಾನು?”

ಅಲ್ಲೇ ದೀಪದ ಕೆಳಗೆ ಕೂತು ಹೊಲಿದೆ. ಅಮ್ಮ ಎದುರಿಗೆ ಕೂತು ಎರಡು ಬಟ್ಟಲು ಸಾರು ಕುಡಿದಳು, ರೊಟ್ಟಿಯಿಂದ ಬಟ್ಟಲು ಒರೆಸಿಕೊಂಡು ತಿಂದಳು. ನನ್ನ ಮುಂದಿನ ಸಾರು ಆರಿ ಕೆನೆಗಟ್ಟಿತು. ವಾಸಿಲ್ ಉಂಡನೋ ಇಲ್ಲವೋ, ಇನ್ನು ಮೇಲೆ ಕೇಳಿಕೊಳ್ಳಬೇಕಾದವಳು ನಾನೊಬ್ಬಳೇ ಆಗಿದ್ದೆ.