ಬೂಟಿನ ಡಬ್ಬದ ಭವಿಷ್ಯ

ಮಗಳ ಕಣ್ಣಿನ ಬಿಳಿ ಹಳದಿಗೆ ತಿರುಗಿ ಆರು ದಿನವಾಗಿತ್ತು. ಪಿತ್ತಕೋಶದ ಕಲ್ಲು ಜಾರಿ ನಾಳಕ್ಕೆ ಅಡ್ಡ ನಿಂತಿದೆ, ಗುರುವಾರ ಆಪರೇಷನ್ ಆಗಲೇಬೇಕು, ಇನ್ನೂ ಮುಂದೂಡಿದರೆ ಜೀವಕ್ಕೇ ಕುತ್ತು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವಳು ಆಗಲೇ ಎರಡು ಸಲ ಮುಂದೂಡಿದ್ದಳು. ಈಗ ಮೂರನೆಯ ಸಲಕ್ಕೆ ಸಿದ್ಧಳಾಗಿದ್ದಳು.

"ಆರು ವಾರ ಅಷ್ಟೇ ಅಪ್ಪ," ಎಂದಳು ಬ್ರೆಡ್ಡು ಕೊಯ್ಯುತ್ತ. "ಶನಿ ಮನೆ ಬದಲಾಯಿಸಲಿ. ಅಲ್ಲಿವರೆಗೆ ಮೈಗೆ ಕಬ್ಬಿಣ ತಾಗಬಾರದಂತೆ."

"ಆರು ವಾರ ಯಾಕೆ? ಸಾಮಾನು ಸಾಗಿಸೋಕೆ ಅವನಿಗೆ ಲಾರಿ ಸಿಕ್ಕಿಲ್ಲವೇನು?" ಎಂದರು ಮುದುಕರು. "ಮತ್ತೆ ನಿನ್ನ ಕೈಯಲ್ಲಿರೋ ಚಾಕು ಮರದ್ದೋ?"

ಅವಳು ನಗಲಿಲ್ಲ.

ಮುದುಕರು ಒಂದು ವಾರಪತ್ರಿಕೆಯ ಮುದ್ರಣಾಲಯದಲ್ಲಿ ನಲವತ್ತು ವರ್ಷ ಪ್ರೂಫ್ ನೋಡಿದವರು. ನಿವೃತ್ತರಾದ ಮೇಲೂ ವಾರಕ್ಕೆ ಎರಡು ದಿನ ಹೋಗಿ ಕೂರುತ್ತಿದ್ದರು. ಅಲ್ಲಿ ಅವರ ಅಡ್ಡಹೆಸರು ಪೂರ್ಣವಿರಾಮ. ಅವರ ಕೈ ದಾಟಿ ಹೋದ ವಾಕ್ಯಕ್ಕೆ ಕೊನೆಯಲ್ಲಿ ಚುಕ್ಕಿ ಇಲ್ಲದಿರುವುದು ಸಾಧ್ಯವಿರಲಿಲ್ಲ. ಮಾತಿನಲ್ಲೂ ಹಾಗೆಯೇ, ಅವರು ಮುಗಿಸಿದ ಮೇಲೆ ಇನ್ನೊಬ್ಬರು ಶುರುಮಾಡುವುದು ಕಷ್ಟ. ಭಾನುವಾರ ಚರ್ಚಿನ ಮೊದಲ ಸಾಲಿನ ಬೆಂಚು ಅವರದು. ಪಕ್ಕದ ಜಾಗ ಎರಡು ತಿಂಗಳಿಂದ ಖಾಲಿ.

"ಸೃಷ್ಟಿಯ ನಾಲ್ಕನೆಯ ದಿನ ದೇವರು ಆಕಾಶದಲ್ಲಿ ದೀಪ ಹಚ್ಚಿಟ್ಟ," ಎಂದರು. "ಹಗಲು ಯಾವುದು, ಋತು ಯಾವುದು ಅಂತ ನಮಗೆ ತಿಳೀಲಿ ಅಂತ. ದೀಪದ ಬೆಳಕಲ್ಲಿ ಅಡುಗೆ ಮಾಡಬೇಕು ಮಗಳೇ. ಉಪ್ಪು ಎಷ್ಟು ಹಾಕಲಿ ಅಂತ ದೀಪವನ್ನೇ ಕೇಳೋವಳಿಗೆ ಏನನ್ನಬೇಕು? ಶನಿಗೆ ಉಂಗುರ ಇದೆ, ಚಂದ್ರರಿದ್ದಾರೆ, ದೂರದರ್ಶಕ ಇಟ್ಟು ನೋಡು, ಕೈಮುಗಿದು ಸೃಷ್ಟಿಕರ್ತನನ್ನು ಹೊಗಳು. ಅದು ಬಿಟ್ಟು, ಅಷ್ಟು ದೂರದಲ್ಲಿ ತನ್ನ ಪಾಡಿಗೆ ಸುತ್ತುತ್ತಿರೋ ಅನಿಲದ ಉಂಡೆಗೆ ನಿನ್ನ ಪಿತ್ತಕೋಶದ ವಿಳಾಸ ಕೊಟ್ಟವರು ಯಾರು?"

ಮಗಳು ಚಾಕು ಕೆಳಗಿಟ್ಟಳು. ಒಳಗೆ ಹೋಗಿ ತಾಯಿಯ ಕನ್ನಡಕದ ಪೆಟ್ಟಿಗೆ ತಂದು, ಅದರೊಳಗಿಂದ ಮಡಚಿದ ಪತ್ರಿಕೆಯ ತುಣುಕೊಂದನ್ನು ತೆಗೆದು ತಂದೆಯ ಮುಂದಿಟ್ಟಳು.

"ಕನ್ಯಾ: ಈ ವಾರ ಕಬ್ಬಿಣದಿಂದ ದೂರವಿರಿ. ಹರಿತವಾದದ್ದು ರಕ್ತ ಕೇಳೀತು."

"ಅಮ್ಮನ ರಾಶಿ," ಎಂದಳು. "ಅಮ್ಮನ ಆಪರೇಷನ್ ಆದ ವಾರದ್ದು. ಬುಧವಾರವೇ ಓದಿದ್ದೆ. ಓದಿಯೂ ಶುಕ್ರವಾರ ನಾನೇ ಕೈಹಿಡಿದು ಆಸ್ಪತ್ರೆಗೆ ಕರಕೊಂಡು ಹೋದೆ. ಮೇಜಿನ ಮೇಲಿಂದ ಅಮ್ಮ ಏಳಲೇ ಇಲ್ಲ. ಆಮೇಲೆ ಅದನ್ನ ಬರೆದ ಜ್ಯೋತಿಷಿಗಳನ್ನೇ ಕೇಳಿದೆ. ಒಂದು ವಾರ ತಡೆದಿದ್ದರೆ ಬದುಕುತ್ತಿದ್ದರು ಅಂದರು. ನೀವು ಲಾರಿ ಗೀರಿ ಅಂತ ತಮಾಷೆ ಮಾಡಿ ಅಪ್ಪ. ನಾನು ಎರಡು ತಿಂಗಳಿಂದ ಕಣ್ಣು ಮುಚ್ಚಿಲ್ಲ."

ಮುದುಕರು ತುಣುಕನ್ನು ಎರಡು ಸಲ ಓದಿದರು. ಅದು ಅವರದೇ ಪತ್ರಿಕೆಯದು.

"ನಿಮ್ಮಮ್ಮನದು ಕನ್ಯಾ ರಾಶಿಯೇ?" ಎಂದು ಕೇಳಿದರು.

"ನಲವತ್ತೆರಡು ವರ್ಷ ಸಂಸಾರ ಮಾಡಿ ಅದೂ ಗೊತ್ತಿಲ್ಲವೇ?"

ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವುದೇ ಅವಮಾನ ಎಂದುಕೊಂಡಿದ್ದರು. ನಾಲ್ಕು ಗಂಟೆಗೆ ಒಳ್ಳೆಯ ದಿನ ಕೇಳಲು ಜ್ಯೋತಿಷಿಯ ಹತ್ತಿರ ಹೋಗುತ್ತೇನೆ ಎಂದು ಅವಳು ಹೇಳುತ್ತಿದ್ದರೂ ಅವರು ತುಣುಕನ್ನೂ ಕೊಡೆಯನ್ನೂ ತೆಗೆದುಕೊಂಡು ಮುದ್ರಣಾಲಯದ ಕಡೆ ನಡೆದರು.

ಅಲ್ಲಿ ಬೈಂಡರ್ ಗೋಂದಿನ ಡಬ್ಬಿ ಕಲಕುತ್ತಿದ್ದ. ಅವನ ಎಡಗೈ ಹೆಬ್ಬೆರಳಿಗೆ ತುದಿ ಇರಲಿಲ್ಲ.

"ಫಲದ ಡಬ್ಬ ಎಲ್ಲಿ?"

"ಎಲ್ಲಿರುತ್ತೆ ಅಣ್ಣ, ನಿಮ್ಮ ಮೇಜಿನ ಕೆಳಗೇ."

ಅದು ಹಳೆಯ ಬೂಟಿನ ಡಬ್ಬ. ಪತ್ರಿಕೆಯ ವಾರಭವಿಷ್ಯ ಬರೆಯುವ ಜ್ಯೋತಿಷಿ ಮೂರು ವಾರಕ್ಕೊಮ್ಮೆಯಾದರೂ ತಡಮಾಡುತ್ತಿದ್ದ. ಮುಂದಿನ ವಾರ ಲೋಕಕ್ಕೆ ಏನಾಗುತ್ತದೆಂದು ಬಲ್ಲವನಿಗೆ ಅಂಚೆ ಯಾವಾಗ ಹೊರಡುತ್ತದೆಂದು ತಿಳಿಯುತ್ತಿರಲಿಲ್ಲ. ಪುಟ ಖಾಲಿ ಬಿಡುವಂತಿಲ್ಲ, ಏನಾದರೂ ತುಂಬಿ ಎಂದು ಹಿಂದಿನ ಸಂಪಾದಕರು ಕೈಚೆಲ್ಲಿದ ದಿನದಿಂದ ಮುದುಕರು ಹಳೆಯ ಸಾಲುಗಳನ್ನು ಒಂದೊಂದು ಚೀಟಿಗೆ ಬರೆಸಿ ಡಬ್ಬದಲ್ಲಿಟ್ಟಿದ್ದರು. ಬೇಕಾದಾಗ ಹನ್ನೆರಡು ಚೀಟಿ ಎತ್ತಿ ಹನ್ನೆರಡು ರಾಶಿಗೆ ಹಂಚುವುದು. ಕಸದ ಬದಲು ಕಸ, ಇದರಲ್ಲಿ ಪಾಪವೇನು ಎಂದುಕೊಂಡಿದ್ದರು. ಒಂದು ವರ್ಷವಂತೂ ಮೂರು ತಿಂಗಳ ಕಾಲ ಎಲ್ಲ ಫಲಗಳೂ ಒಂದೊಂದು ರಾಶಿ ಕೆಳಗೆ ಜಾರಿ ಅಚ್ಚಾದವು. ಆಗ ಬಂದದ್ದು ಒಂದೇ ಪತ್ರ: ನೀವು ಹೇಳಿದಂತೆಯೇ ಆಯಿತು, ವಂದನೆಗಳು ಎಂದು.

ಅದೇ ಪುಟದ ಇನ್ನೊಂದು ಮೂಲೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಲೆಕ್ಕಹಾಕಿ ಕಳಿಸುವ 'ಈ ವಾರದ ಆಕಾಶ' ಬರುತ್ತಿತ್ತು. ಒಮ್ಮೆ ಶುಕ್ರ ಮುಳುಗುವ ಹೊತ್ತು ಏಳು ಹನ್ನೆರಡರ ಬದಲು ಏಳು ಇಪ್ಪತ್ತೊಂದು ಎಂದು ಬಿದ್ದಾಗ ನಾಲ್ಕು ಪತ್ರ ಬಂದವು, ಒಂದು ಆರನೆಯ ತರಗತಿಯ ಹುಡುಗಿಯದು. ಐದನೆಯದು ಮನೆಯಲ್ಲೇ ಕಾದಿತ್ತು. ಹೆಂಡತಿ ಮಹಡಿಯಿಂದ ಇಳಿದು ಬಂದು, "ನಿಮ್ಮ ಪತ್ರಿಕೆ ನಂಬಿ ಒಂಬತ್ತು ನಿಮಿಷ ಬೋಳು ಆಕಾಶ ನೋಡಿದೆ," ಎಂದಿದ್ದಳು.

ಮುದುಕರು ಚೀಟಿಗಳನ್ನು ತಡಕಿದರು. ಬೇಕಾದದ್ದು ಸಿಕ್ಕಿತು. ಅಕ್ಷರ ಬೈಂಡರನದು.

ಅವನು ಹೆಗಲ ಮೇಲಿಂದ ಬಗ್ಗಿ ನೋಡಿದ. "ಇದು ನನ್ನ ಹೆಬ್ಬೆರಳಿನ ಭವಿಷ್ಯ ಅಲ್ಲವೇ? ಕಾಗದ ಕತ್ತರಿಸೋ ಯಂತ್ರಕ್ಕೆ ಬೆರಳು ಕೊಟ್ಟು ಬ್ಯಾಂಡೇಜು ಕಟ್ಟಿಕೊಂಡು ಕೂತಿದ್ದೆ. ನೀನೂ ಒಂದು ಬರಿಯೋ ಅಂತ ನೀವೇ ಚೀಟಿ ಕೊಟ್ಟಿರಿ."

"ನೀನು ಬರೆಯೋ ಹೊತ್ತಿಗೆ ಬೆರಳು ಹೋಗಿಯಾಗಿತ್ತಲ್ಲೋ."

"ಅದಕ್ಕೇ ಅಣ್ಣ ಅಷ್ಟು ಕರಾರುವಾಕ್ಕು."

ಚೀಟಿಯ ಬೆನ್ನಿಗೆ ಅದನ್ನು ಬಳಸಿದ ತಾರೀಕುಗಳಿದ್ದವು. ಒಂದು ಸಲ ಮೇಷಕ್ಕೆ, ಒಂದು ಸಲ ಧನುವಿಗೆ, ಎರಡು ಸಲ ಮೀನಕ್ಕೆ. ಕೊನೆಯದು ಕನ್ಯಾ. ಪಕ್ಕದಲ್ಲಿ ಅವರದೇ ಕೆಂಪು ಶಾಯಿಯ ಗುರುತು. ಸೋಮವಾರ ಮಧ್ಯಾಹ್ನ ಹಸಿದುಕೊಂಡು, ಬೇಗ ಮನೆಗೆ ಹೋಗಿ ಹೆಂಡತಿಯ ಆಸ್ಪತ್ರೆಯ ಚೀಲ ಜೋಡಿಸಬೇಕೆಂಬ ಆತುರದಲ್ಲಿ, ಓದದೆಯೇ ಹಂಚಿದ್ದರು. ಜನ್ಮದಲ್ಲಿ ಅವರು ಓದದೆ ಬಿಟ್ಟ ಪ್ರೂಫ್ ಎಂದರೆ ಭವಿಷ್ಯದ ಅಂಕಣ ಒಂದೇ.

ಡಬ್ಬವನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟರು.

ಜ್ಯೋತಿಷಿಯ ಕೋಣೆ ಹಲ್ಲಿನ ಡಾಕ್ಟರ ಕೋಣೆಯ ಹಾಗಿತ್ತು. ಸಾಲು ಕುರ್ಚಿ, ಟೋಕನ್ನು, ಹಳೆಯ ಪತ್ರಿಕೆಗಳು. ಗೋಡೆಯ ಮೇಲೆ ಯಾವುದೋ ವೀಕ್ಷಣಾಲಯದವರು ತೆಗೆದ ಶನಿಯ ದೊಡ್ಡ ಫೋಟೋ. ಕಳ್ಳ ತನ್ನ ಅಂಗಡಿಗೆ ಸಾಹುಕಾರನ ಪಟ ಹಾಕಿಕೊಂಡಂತಿದೆ ಎಂದುಕೊಂಡರು ಮುದುಕರು. ಒಳಗೆ ಮಗಳು ಕೂತಿದ್ದಳು. ಇವರು ಟೋಕನ್ನು ಕೇಳದೆ ನುಗ್ಗಿದರು.

"ಬನ್ನಿ ಯಜಮಾನರೇ," ಎಂದ ಜ್ಯೋತಿಷಿ. "ನೀವು ಬರುತ್ತೀರಿ ಅಂತ ಗೊತ್ತಿತ್ತು."

"ಗೊತ್ತಿದ್ದರೆ ಇನ್ನೊಂದು ಕುರ್ಚಿ ಹಾಕಿಸಬಹುದಿತ್ತು." ಮುದುಕರು ತುಣುಕನ್ನು ಮೇಜಿನ ಮೇಲಿಟ್ಟರು. "ಇದು ನಿಮ್ಮ ಬರಹವೇ?"

ಜ್ಯೋತಿಷಿ ಕನ್ನಡಕ ಏರಿಸಿ ಓದಿದ. "ನನ್ನದೇ. ಆ ವಾರ ಕನ್ಯಾ ರಾಶಿಯ ಮೇಲೆ ಕುಜನ ಕ್ರೂರ ದೃಷ್ಟಿ. ಬರೆಯುವಾಗ ನನ್ನ ಕೈಯೇ ನಡುಗಿತ್ತು, ಚೆನ್ನಾಗಿ ನೆನಪಿದೆ."

ಮುದುಕರು ಚೀಟಿಯನ್ನು ಅದರ ಪಕ್ಕದಲ್ಲಿಟ್ಟು, ತಿರುಗಿಸಿ, ತಾರೀಕುಗಳನ್ನು ತೋರಿಸಿದರು. ಹೆಬ್ಬೆರಳಿನ ಕತೆ ಹೇಳಿದರು. ಆ ವಾರ ಅವನ ಲಕೋಟೆ ಬಂದೇ ಇರಲಿಲ್ಲ ಎಂದೂ ಹೇಳಿದರು.

ಜ್ಯೋತಿಷಿ ಅರೆಗಳಿಗೆ ಮಾತ್ರ ತಡವರಿಸಿದ. ಆಮೇಲೆ ಕರುಣೆಯಿಂದ ನಕ್ಕ. "ನೋಡಿದಿರಾ ಯಜಮಾನರೇ, ಗ್ರಹಗಳ ಶಕ್ತಿ? ನಾನು ಕಳಿಸದಿದ್ದರೂ ನಿಮ್ಮ ಕೈಯಿಂದಲೇ ಬರೆಸಿದವು."

ಯಾವ ಕಡೆ ಬಿದ್ದರೂ ಕಾಲ ಮೇಲೇ ನಿಲ್ಲುವ ಬೆಕ್ಕಿನ ಜೊತೆ ವಾದ ಮಾಡುವುದು ಹೇಗೆ? ಮುದುಕರು ಮಗಳ ಕಡೆ ತಿರುಗಿದರು. ಅವಳು ಚೀಟಿಯನ್ನು ಹಿಡಿದು ಕೆಂಪು ಗುರುತನ್ನೇ ನೋಡುತ್ತಿದ್ದಳು. ಚಿಕ್ಕಂದಿನಿಂದ ತನ್ನ ಶಾಲೆಯ ಪುಸ್ತಕಗಳಲ್ಲಿ ಕಂಡ ಗುರುತು.

"ಇದು ನೀವಾ?" ಎಂದಳು.

"ನಾನೇ. ಸುಳ್ಳು ಅಂತ ತಿಳಿದೂ ಹಂಚಿದೆ. ನಂಬೋರು ಪೆದ್ದರು, ನನಗೇನು ಅಂದುಕೊಂಡೆ. ಆ ಪೆದ್ದರಲ್ಲಿ ನನ್ನ ಮಗಳಿರಬಹುದು ಅಂತ ಹೊಳೆಯಲಿಲ್ಲ. ಇವನು ಮಾಡಿದ್ದಕ್ಕಿಂತ ನಾನು ಮಾಡಿದ್ದು ದೊಡ್ಡ ಪಾಪ. ದೇವರ ಕ್ಷಮೆ ಆಮೇಲೆ ಕೇಳ್ತೀನಿ. ಮೊದಲು ನಿನ್ನದು."

ಅವಳ ಹಳದಿ ಕಣ್ಣು ತುಂಬಿತು. "ಹಾಗಾದರೆ ಅಮ್ಮ ಯಾಕೆ ಸತ್ತರು?"

ಜ್ಯೋತಿಷಿ ಬಾಯಿ ತೆರೆದ. ಅವನ ಬಳಿ ಕಾರಣ ಸಿದ್ಧವಿತ್ತು.

"ಗೊತ್ತಿಲ್ಲ ಮಗಳೇ," ಎಂದರು ಮುದುಕರು. "ಹೃದಯ ತಡೆಯಲಿಲ್ಲ ಅಂತ ಡಾಕ್ಟರು ಹೇಳಿದರು. ಅದಕ್ಕಿಂತ ಮೇಲಿನ ಕಾರಣ ಏನು ಅಂತ ದೇವರನ್ನು ದಿನಾ ಬೆಳಿಗ್ಗೆ ಕೇಳ್ತೀನಿ. ಆತ ಇನ್ನೂ ಹೇಳಿಲ್ಲ. ನಾನೂ ಕೇಳೋದು ಬಿಟ್ಟಿಲ್ಲ. ಕುಜನ ಕಣ್ಣು ಬಿತ್ತು ಅಂತ ಹೇಳಿ ನಿನ್ನನ್ನ ಸಮಾಧಾನ ಮಾಡೋಕೆ ಮಾತ್ರ ನನ್ನಿಂದಾಗಲ್ಲ. ನೀನು ಆಸ್ಪತ್ರೆಗೆ ಅವಳ ಕೈ ಹಿಡಕೊಂಡು ಹೋದೆ. ಮಗಳು ಮಾಡಬೇಕಾದದ್ದು ಅದೇ."

ಅವಳು ಮೂಗು ಒರೆಸಿಕೊಂಡು ಎದ್ದಳು. ತುಣುಕನ್ನೂ ಚೀಟಿಯನ್ನೂ ಡಬ್ಬದೊಳಗೆ ಹಾಕಿ ಮುಚ್ಚಳ ಒತ್ತಿದಳು.

"ನಿಮ್ಮ ಮೇಲೆ ನನಗೆ ತುಂಬಾ ಸಿಟ್ಟಿದೆ ಅಪ್ಪ," ಎಂದಳು. "ಗುರುವಾರ ನನ್ನ ಚೀಲ ನೀವೇ ಹೊರಬೇಕು."

ಹೊತ್ತರು. ಮೂರು ಗಂಟೆ ಕಾಲ ಆಪರೇಷನ್ ಕೋಣೆಯ ಬಾಗಿಲ ಹೊರಗೆ ಕೂತು, ಗೋಡೆಯ ಫಲಕದಲ್ಲಿದ್ದ ಎರಡು ಕಾಗುಣಿತದ ತಪ್ಪನ್ನು ನೂರು ಸಲ ನೋಡಿದರು, ಪ್ರಾರ್ಥಿಸಿದರು, ಮತ್ತೆ ತಪ್ಪನ್ನೇ ನೋಡಿದರು. ಕೊನೆಗೆ ನರ್ಸು ಬಂದು, ಮಗಳು ಎಚ್ಚರವಾಗಿ ನೀರು ಕೇಳುತ್ತಿದ್ದಾಳೆ ಎಂದಳು.

ಆ ವಾರ ಜ್ಯೋತಿಷಿ ಮುನಿದು ಲಕೋಟೆ ಕಳಿಸಲಿಲ್ಲ. ಡಬ್ಬವೂ ಇರಲಿಲ್ಲ, ಮುದುಕರು ಅದನ್ನು ಹಿತ್ತಲಲ್ಲಿ ಸುಟ್ಟಿದ್ದರು. ಭವಿಷ್ಯದ ಜಾಗದಲ್ಲಿ ಹೊಲಿಗೆ ಯಂತ್ರದ ಜಾಹೀರಾತು ಬಂತು. ಹದಿನೇಳು ಪತ್ರಗಳು ಬಂದವು, ನಮ್ಮ ಭವಿಷ್ಯ ಎಲ್ಲಿ ಎಂದು. ತಪ್ಪಿದ್ದಾಗ ಒಬ್ಬರಿಗೂ ಕಾಣದ್ದು ಇಲ್ಲದಿದ್ದಾಗ ಎಲ್ಲರಿಗೂ ಕಂಡಿತು. ಮುಂದಿನ ವಾರ ಸಂಪಾದಕರು ಬೇರೊಬ್ಬ ಜ್ಯೋತಿಷಿಯನ್ನು ಗೊತ್ತುಮಾಡಿದರು. ಮುದುಕರು ಕೆಂಪು ಪೆನ್ನನ್ನು ಬೈಂಡರನಿಗೆ ಕೊಟ್ಟು ಮನೆಗೆ ಬಂದರು.

ತಿಂಗಳ ಮೇಲೆ ಒಂದು ಸಂಜೆ ಮಗಳು ತಾಯಿಯ ಶಾಲು ಹೊದ್ದು, ಪತ್ರಿಕೆ ಹಿಡಿದು, ಮಹಡಿ ಹತ್ತಿದಳು. ಸ್ವಲ್ಪ ಹೊತ್ತಿಗೆ ಮೇಲಿಂದ ದನಿ ಬಂತು.

"ಅಪ್ಪ, ಏಳು ಗಂಟೆ ನಾಲ್ಕು ನಿಮಿಷಕ್ಕೆ ಮುಳುಗುತ್ತೆ ಅಂತ ಹಾಕಿದ್ದಾರೆ. ಶುಕ್ರ ಇನ್ನೂ ಇದ್ದಾನೆ."

ಮುದುಕರು ಗಡಿಯಾರ ನೋಡಿದರು. ಏಳು ಆರು.

"ಪತ್ರ ಬರಿ," ಎಂದರು, ಮೆಟ್ಟಿಲ ಕಡೆ ನಡೆಯುತ್ತ. ಮೇಲೆ ಹೋಗುವಷ್ಟರಲ್ಲಿ ಅದು ಮುಳುಗಿಬಿಟ್ಟೀತು ಎಂದು ಕಂಬಿ ಹಿಡಿದು ಬೇಗ ಬೇಗ ಹತ್ತಿದರು.