ನೆತ್ತಿಯ ಮೇಲಿನ ಅಡಿಕೆ

ಗದಗ ಕಡೆಯ ನಿವೃತ್ತ ಎಂಜಿನಿಯರ್ ಈರಪ್ಪನವರ ಹಟ ಎಂಥದ್ದೆಂದು ಸಿಂಗಸಂದ್ರದ ಅವರ ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೂ ಗೊತ್ತಿತ್ತು. ದವಡೆ ಹಲ್ಲು ಕೊಳೆತು ಕೆನ್ನೆ ಉಬ್ಬಿದರೂ ಲವಂಗ ಕಚ್ಚಿಕೊಂಡು ಕೂತರು. ಹೆಂಡತಿ ಕಮಲಮ್ಮ ಬೈದದ್ದೆಲ್ಲ ಕಲ್ಲಿನ ಮೇಲೆ ಮಳೆ ಸುರಿದಂತಾಯಿತು. ಕೀವು ಹಲ್ಲಿನಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಎದೆಗೂಡಿಗೆ ಇಳಿಯಿತು. ಉಸಿರು ಕಟ್ಟತೊಡಗಿದ ಮೇಲೆಯೇ ಅವರು ಹೊಸೂರು ರಸ್ತೆಯ ಆಸ್ಪತ್ರೆ ಕಂಡದ್ದು.

ಸರ್ಜನ್ ನರೇಶ್ ಸ್ಕ್ಯಾನ್ ನೋಡಿ, ಕುತ್ತಿಗೆಯನ್ನೂ ಎದೆಯ ಪಕ್ಕವನ್ನೂ ಕೊಯ್ದು ಕೀವು ತೊಳೆಯಬೇಕು, ತಡಮಾಡಿದರೆ ಜೀವ ಉಳಿಯುವುದಿಲ್ಲ ಎಂದರು. ಮೈಮೇಲೆ ಏನೂ ಇರಕೂಡದು, ಕೊರಳಿನ ಬೆಳ್ಳಿ ಕರಡಿಗೆ ಮೊದಲು ತೆಗೆಯಿರಿ ಎಂದರು. ಅಲ್ಲಿಗೆ ಕೆಟ್ಟಿತು ಕೆಲಸ. ಅದರೊಳಗಿದ್ದದ್ದು ಈರಪ್ಪನವರ ಇಷ್ಟಲಿಂಗ, ದೀಕ್ಷೆಯಾದಂದಿನಿಂದ ಮೈ ಬಿಟ್ಟು ಹೋಗದ್ದು.

“ಲಿಂಗ ತೆಗದ್ರ ನಾ ಸತ್ತಂಗ,” ಎಂದು ಏದುಸಿರಿನಲ್ಲೇ ವಾದಕ್ಕೆ ನಿಂತರು. “ಆಮ್ಯಾಲ ಯಾರನ್ನ ಬದುಕಸ್ತೀರಿ?”

ಕಮಲಮ್ಮನಿಗೆ ಒಂದು ಉಪಾಯ ಹೊಳೆಯಿತು. ನೆತ್ತಿಯೂ ಲಿಂಗಕ್ಕೆ ಸಲ್ಲುವ ಜಾಗವೆಂದು ಹಿರಿಯರೇ ಹೇಳಿದ್ದಾರೆ, ಅಲ್ಲೇ ಕಟ್ಟುತ್ತೇನೆ, ಡಾಕ್ಟರೂ ಒಪ್ಪಿದ್ದಾರೆ ಎಂದು ಗಂಡನ ಕಿವಿಯಲ್ಲಿ ಉಸುರಿದರು. ಡಾಕ್ಟರು ಒಪ್ಪುವ ಮಾತಿರಲಿ, ಅವರನ್ನು ಯಾರೂ ಕೇಳಿರಲಿಲ್ಲ. ಚೀಲದಲ್ಲಿದ್ದ ಗೋಟಡಿಕೆಯೊಂದನ್ನು ಕರವಸ್ತ್ರದಲ್ಲಿ ಸುತ್ತಿ ಗಂಡನ ತಲೆಗೆ ಬಿಗಿದು, ಅವರ ಲಿಂಗವನ್ನು ಕಣ್ಣು ತಪ್ಪಿಸಿ ತಮ್ಮ ಲಿಂಗದ ಪಕ್ಕದಲ್ಲೇ ಕೊರಳಿಗೆ ಹಾಕಿಕೊಂಡು ಸೆರಗು ಹೊದ್ದರು. ಈರಪ್ಪನವರು ಅಡಿಕೆಗೆ ಕೈಮುಗಿದು ಒಳಗೆ ಹೋದರು. ಅರಿವಳಿಕೆ ಏರಿದ ಮೇಲೆ ನರ್ಸ್ ಅದನ್ನೂ ಬಿಚ್ಚಿ ಕಸಕ್ಕೆ ಹಾಕಿದಳು.

ಜೀವ ಉಳಿಯಿತು. ಸುಳ್ಳು ಉಳಿಯಬೇಕಲ್ಲ! ಗಂಟಲಿನ ನಳಿಗೆ ತೆಗೆದ ದಿನ ಈರಪ್ಪನವರು ಮೊದಲು ತಡವಿಕೊಂಡದ್ದು ತಲೆಯನ್ನೇ. ಲಿಂಗ ಮೈಬಿಟ್ಟಿತೆಂದು ಈ ಮನುಷ್ಯ ಅನ್ನ ನೀರು ಬಿಟ್ಟರೆ ಏನು ಗತಿ? ಮುಚ್ಚಿಟ್ಟು ಫಲವಿಲ್ಲವೆಂದು ಕಮಲಮ್ಮ ಸೆರಗು ಸರಿಸಿ ತೋರಿಸಿದರು, ಅಡಿಕೆಯ ಸಂಗತಿಯನ್ನೂ ಹೇಳಿಬಿಟ್ಟರು.

ಈರಪ್ಪನವರು ತಲೆಯ ಮೇಲಿನ ಕೈ ಇಳಿಸಿದರು.

“ಅಂದ್ರ ನಾ ಸತ್ತಿದ್ದೆ,” ಎಂದರು ಒಡಕು ದನಿಯಲ್ಲಿ.

“ಹೌದ್ರಿ. ನಾ ಮಾತ್ರ ಮುತ್ತೈದಿಯಾಗೇ ಕುಂತಿದ್ದೆ.”

ಹೀಗೆಂದವರು ಕರಡಿಗೆ ಬಿಚ್ಚಲು ಕೊರಳಿಗೆ ಕೈಹಾಕಿದರು. ಈರಪ್ಪನವರು ಆ ಕೈ ಹಿಡಿದು ತಡೆದರು.

“ನನ್ನ ಕೊರಳ ತುಂಬ ಹೊಲಿಗಿ ಹಾಕ್ಯಾರ. ಅಲ್ಲೇ ಇರ್ಲಿ ಬಿಡು. ಹೊಲಿಗಿ ಬಿಚ್ಚೂತನಕ ನಾ ನಿನ್ನ ಕೊರಳಾಗ ಇರತೀನಿ.”