ಗೋಡೆಯ ಮೇಲಿನ ಸೋಮವಾರ

ಅಪ್ಪ ಸಿಗರೇಟು ಬಿಡಲು ಶುರುಮಾಡಿ ಒಂಬತ್ತು ವರ್ಷವಾಯಿತು. ಇನ್ನೂ ಬಿಡುತ್ತಲೇ ಇದ್ದಾರೆ. ನಿಮ್ಮ ಮನೆಯಲ್ಲೂ ಹೀಗೆ ಬಿಡುತ್ತಲೇ ಇರುವವರಿದ್ದರೆ ಈ ಸಂಕಟ ನಿಮಗೆ ಹೊಸದಲ್ಲ.

ಅವರು ಬಡಗಿ, ಮನೆಯ ಮುಂಭಾಗದಲ್ಲೇ ಕೆಲಸ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಪ್ರತಿ ಸಿಗರೇಟಿನ ನಟ್ಟನಡುವೆ ಗೆರೆ ಎಳೆಯುತ್ತಾರೆ, ಗೆರೆಯವರೆಗೆ ಸೇದಿ ಆರಿಸುತ್ತಾರೆ. ಉಳಿದರ್ಧ ಅಮ್ಮನ ಡಬ್ಬಿಗೆ. ಮತ್ತೆ ಕೇಳಿದಾಗ ತೆಗೆದುಕೊಡುವುದು ಅಮ್ಮನ ಪಾಲಿನ ಕೆಲಸ. ತಡವಾದರೆ ಮನೆಯೆಲ್ಲ ರಂಪ. ನಾಳೆಯಿಂದ ಇನ್ನೂ ಕಮ್ಮಿ ಎಂಬ ಮಾತನ್ನು ಕೇಳಿ ಕೇಳಿ ನನಗೆ ಸಾಕುಸಾಕಾಗಿದೆ.

ಒಂದೇ ಸಲ ಬಿಡಿ ಎಂದರೆ ಅಜ್ಜಿ ಮಗನ ಪರ.

"ಹಳೇ ಚಟ ಕಣೇ, ಒಂದೇ ಏಟಿಗೆ ಬಿಟ್ರೆ ಮೈ ತಡ್ಕೊಳಲ್ಲ. ಪಕ್ಕದ್ಮನೆ ಮೇಷ್ಟ್ರು ಬಿಟ್ಟ ವಾರಕ್ಕೇ ಹೋಗ್ಬಿಡ್ಲಿಲ್ವಾ?"

ಆ ಮೇಷ್ಟ್ರು ಬಿಟ್ಟದ್ದು ಆಸ್ಪತ್ರೆಯ ಹಾಸಿಗೆಯಲ್ಲಿ, ಮೂಗಿಗೆ ನಳಿಕೆ ಹಾಕಿದ ಮೇಲೆ. ಅದನ್ನು ಮಾತ್ರ ಅಜ್ಜಿ ಹೇಳುವುದಿಲ್ಲ.

ನಾನೂ ನನ್ನ ಐದು ತಿಂಗಳ ಮಗಳೂ ಇರುವುದು ಇದೇ ಮನೆಯಲ್ಲಿ. ಅರ್ಧ ಸಿಗರೇಟಿನ ಹೊಗೆ ಅರ್ಧ ಮನೆಗೆ ನಿಲ್ಲುವುದಿಲ್ಲ. ಹೋದ ವಾರ ಮಗುವಿನ ಎದೆ ಗೊರಗೊರ ಎನ್ನತೊಡಗಿತು, ಉಸಿರಿಗೆ ಒದ್ದಾಡಿತು. ಡಾಕ್ಟರಮ್ಮ ಅಪ್ಪನನ್ನೇ ಕೂರಿಸಿಕೊಂಡು ಹೇಳಿದರು: ಮನೆಯೊಳಗೆ ಇವತ್ತಿನಿಂದಲೇ ಹೊಗೆ ಕೂಡದು, ಒಂದೇ ಸಲ ಬಿಡಿ, ಇಲ್ಲವೇ ಕಮ್ಮಿ ಮಾಡುತ್ತ ಬಿಡಿ, ಆದರೆ ಕೊನೆಯ ದಿನ ಯಾವುದೆಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಅಪ್ಪ ತಲೆಯಾಡಿಸಿದರು. ಮನೆಗೆ ಬಂದು ಸಿಗರೇಟಿನ ಗೆರೆಯನ್ನು ಹೊತ್ತಿಸುವ ತುದಿಯತ್ತ ಒಂದು ನೂಲಿನಷ್ಟು ಸರಿಸಿದರು. ಅಷ್ಟೇ.

ನನಗೆ ಸಿಟ್ಟಿಗೆ ಅಳುವೇ ಬಂತು. ಅಮ್ಮ ಅಳಲಿಲ್ಲ. ಡಬ್ಬಿಯನ್ನು ಅಪ್ಪನ ಮುಂದಿಟ್ಟು, ಇನ್ನು ಇದನ್ನು ಕಾಯುವವಳು ನಾನಲ್ಲ ಎಂದಳು. ಅವರ ಪೆನ್ಸಿಲ್ ತೆಗೆದುಕೊಂಡು ಗೋಡೆಯ ಹತ್ತಿರ ಹೋದಳು. ಗಿರಾಕಿಗಳಿಗೆ ಕೊಟ್ಟ ಮಾತೆಲ್ಲ ಆ ಗೋಡೆಯ ಮೇಲಿರುತ್ತದೆ. ಅಪ್ಪ ಒಂದನ್ನೂ ತಪ್ಪಿಸಿದವರಲ್ಲ. ದರ್ಜಿಯ ಮೇಜು, ಶುಕ್ರವಾರ. ಶಾಲೆಯ ಬಾಗಿಲು, ಶನಿವಾರ. ಅದರ ಕೆಳಗೆ ಅಮ್ಮ ಬರೆದಳು: ಸಿಗರೇಟು ಪೂರ್ತಿ ಬಿಡುವುದು, ಸೋಮವಾರ.

"ಏನೇ ಇದು, ಬಂದೋರೆಲ್ಲ ಓದ್ತಾರೆ," ಅಪ್ಪ ಗೊಣಗಿದರು.

"ಓದ್ಲಿ. ಊರಿಗೆಲ್ಲ ದಿನ ಹೇಳ್ತೀರಿ, ಮನೆಯವ್ರಿಗೆ ಮಾತ್ರ ನಿಧಾನ. ಸೋಮವಾರದವರೆಗೆ ಮಗೂನ ಕರ್ಕೊಂಡು ನಾವಿಬ್ರೂ ನನ್ನ ತಂಗಿ ಮನೇಲಿರ್ತೀವಿ. ನೀವು ತಪ್ಪಿಸಿದ್ರೆ ಅಲ್ಲೇ ಇರ್ತೀವಿ."

ಅಪ್ಪ ಅಳಿಸಲು ಕೈ ಎತ್ತಿದರು. ಅಷ್ಟರಲ್ಲಿ ದರ್ಜಿ ಒಳಗೆ ಬಂದ. ತನ್ನ ಮೇಜಿನ ಸಾಲು ಹುಡುಕುತ್ತ ಕೊನೆಯ ಸಾಲನ್ನೂ ಓದಿ, ಇದು ಯಾರ ಆರ್ಡರು ಎಂದು ಕೇಳಿದ.

ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ನನ್ನನ್ನು ಅಪ್ಪ ನೋಡಿದರು. ಕೈ ಕೆಳಗಿಳಿಸಿದರು.

"ಮೊಮ್ಮಗಳದ್ದು," ಎಂದರು. "ಸೋಮವಾರಕ್ಕೆ ಕೊಡ್ಬೇಕು."